ಮೂರು ಬೆರಳು ಕೆಳಗೆ, ಹೆಬ್ಬೆರಳು ಮೇಲೆ

ಜೂನ್ ೩, ಸೋಮವಾರ. ಸಂಜೆ

ಇವತ್ತೂ ಹೇಳಿಸಿಕೊಂಡೆ. ತರಗತಿ ಮುಗಿದ ಮೇಲೆ ದುಭಾಷಿ ಮೆಲ್ಲಗೆ — "ಮೇಡಂ, ನನ್ನ ನೋಡ್ಬೇಡಿ. ಮಕ್ಕಳನ್ನ ನೋಡ್ಕೊಂಡು ಮಾತಾಡಿ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ."

ಇಷ್ಟೆತ್ತರದ ಮನುಷ್ಯ ಪಕ್ಕದಲ್ಲೇ ನಿಂತು ಎರಡೂ ಕೈ ಆಡಿಸುತ್ತಿದ್ದರೆ ಇಲ್ಲ ಎಂದುಕೊಳ್ಳುವುದು ಹೇಗೆ?

ಬಯಾಲಜಿ ಹೇಳಲು ಶುರು ಮಾಡಿ ಇಷ್ಟು ವರ್ಷವಾಯಿತು, ಯಾರನ್ನು ನೋಡಬೇಕು ಎಂದು ಯಾರೂ ಕಲಿಸಿರಲಿಲ್ಲ. ಈ ಸಲ ಕೆಳಮಹಡಿಯ ಮೂಲೆಯ ಕೋಣೆಯಲ್ಲಿ ಹೊಸ ಬ್ಯಾಚು. ಎಂಟು ಮಕ್ಕಳು, ಯಾರಿಗೂ ಕಿವಿ ಕೇಳಿಸದು. ನನಗೆ ಸನ್ನೆ ಭಾಷೆ ಬಾರದು. ನಡುವೆ ಇವರು. ನಾನು ಆಡಿದ್ದನ್ನು ಕೈಯಲ್ಲಿ ಹೇಳುತ್ತಾರೆ. ಮಕ್ಕಳು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಆಡುತ್ತಾರೆ. ಮಗು 'ನಾನು' ಎಂದರೆ ಇವರೂ 'ನಾನು' ಎಂದೇ ಹೇಳುತ್ತಾರೆ. 'ಅವಳು ಹೀಗಂತಾಳೆ' ಎನ್ನುವ ಹಾಗಿಲ್ಲವಂತೆ, ಅದು ಅವರ ಕಸುಬಿನ ನಿಯಮ. ಮೊದಲ ದಿನ ಬಲು ಗಂಭೀರವಾಗಿ "ನಂಗೆ ಟಾಯ್ಲೆಟ್‌ಗೆ ಹೋಗ್ಬೇಕು" ಎಂದರು. "ಹೋಗ್ಬನ್ನಿ ಸರ್, ಅದಕ್ಕೇನು" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಓಡಿದ.

ದುಭಾಷಿಯದು ಎರಡು ತಿಂಗಳ ಕಾಂಟ್ರಾಕ್ಟ್. ಅಷ್ಟರಲ್ಲಿ ಕಾಯಂ ಜನ ಹುಡುಕುತ್ತೇವೆ ಎಂದು ಪ್ರಿನ್ಸಿಪಾಲರು.

ಜೂನ್ ೫

ಈ ಮಕ್ಕಳು ಪ್ರತಿಯೊಬ್ಬರಿಗೂ ಒಂದು ಸನ್ನೆ-ಹೆಸರು ಇಡುತ್ತಾರಂತೆ. ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಅವರೇ ಕೊಡಬೇಕು. ನನಗೂ ಒಂದು ಬಿದ್ದಿದೆ ಎಂದು ಗೊತ್ತಾಯಿತು. ಅಂಗೈ ತಿರುಗಿಸಿ ಹಿಂಬದಿ ತೋರಿಸುವುದು.

"ಹಾಗಂದ್ರೆ ಏನು ಸರ್?"

ದುಭಾಷಿ ಕೆಮ್ಮಿದರು. "ಬೆನ್ನು, ಮೇಡಂ. ನೀವು ಬೋರ್ಡ್ ಕಡೆ ತಿರುಗಿ ಪಾಠ ಮಾಡ್ತೀರಲ್ಲ."

ಮನೆಗೆ ಬಂದರೂ ಚುಚ್ಚುತ್ತಲೇ ಇದೆ. ಅಮ್ಮನಿಗೆ ಹೇಳಿದೆ. ಅವಳಿಗೂ ಈಚೆಗೆ ಕಿವಿ ಮಂದ, ಸತ್ತರೂ ಒಪ್ಪಿಕೊಳ್ಳುವುದಿಲ್ಲ. "ನಂಗೆ ಕಿವಿ ಚೆನ್ನಾಗೇ ಇದೆ, ನಿಮ್ಮೆಲ್ಲರ ಬಾಯೇ ಸಣ್ಣ" ಎನ್ನುವ ಜಾತಿ. ಆದರೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ಸರಿಯಾಗೇ ಇಟ್ಟಿದಾರೆ ಬಿಡು" ಎಂದಳು.

ಜೂನ್ ೧೧

ಪ್ರೋಟೀನ್ ಪಾಠ ಶುರು. ಶುರುವಿಗೇ ತೊಡಕು. ಆರ್‌ಎನ್‌ಎಗೆ ಸನ್ನೆಯೇ ಇಲ್ಲ. ದುಭಾಷಿ ಪ್ರತಿ ಸಲ ಒಂದೊಂದೇ ಅಕ್ಷರ ಬೆರಳಲ್ಲಿ ಬಿಡಿಸಬೇಕು. ಮೆಸೆಂಜರ್, ಟ್ರಾನ್ಸ್‌ಫರ್, ರೈಬೋಸೋಮಲ್ — ಮೂರೂ ಬಂದರೆ ಬೆರಳು ಸೋತುಹೋಗುತ್ತವೆ. ಅವರು ಮಣಿಕಟ್ಟು ನೀವಿಕೊಂಡದ್ದು ಕಂಡಿತು. (ನೋಡಬಾರದು. ನೋಡಿದೆ.)

ಮುಂದಿನ ಬೆಂಚಿನ ಹುಡುಗಿಗೆ ನಾನು ಇಟ್ಟ ಹೆಸರು ಗುಂಡುಪಿನ್ನು. ಸಣಕಲು, ಮೊನೆ ಚೂಪು. ಅವಳು ಕೈ ಎತ್ತಿದಳು. ಪಕ್ಕದಿಂದ ಅವಳ ಮಾತು ಅವರ ದನಿಯಲ್ಲಿ ಬಂತು — "ಸನ್ನೆ ಇಲ್ಲ ಅಂದ್ರೆ ನಾವೇ ಮಾಡ್ಕೋತೀವಿ. ಆದ್ರೆ ಅದು ಏನು ಮಾಡತ್ತೆ ಅಂತ ಮೊದಲು ಸರಿಯಾಗಿ ಹೇಳಿ. ಕೆಲಸ ಗೊತ್ತಿಲ್ದೆ ಹೆಸರು ಇಡೋಕಾಗಲ್ಲ."

ನನಗೆ ಇಟ್ಟದ್ದೂ ಹಾಗೇ ತಾನೇ.

ಜೂನ್ ೧೪

ಮೆಸೆಂಜರ್ ಆಯಿತು. ಹೀಗೆ ಹೇಳಿದೆ: ಡಿಎನ್‌ಎ ಎಂಬ ಮೂಲ ಪ್ರತಿ ನ್ಯೂಕ್ಲಿಯಸ್ಸಿನ ಬೀರುವಿನಲ್ಲಿ. ಅದನ್ನು ಯಾರೂ ಹೊರಗೆ ಒಯ್ಯುವುದಿಲ್ಲ. ಬೇಕಾದ ಪುಟದ ಜೆರಾಕ್ಸ್ ಮಾತ್ರ ಹೊರಗೆ. ಅದೇ ಮೆಸೆಂಜರ್ ಆರ್‌ಎನ್‌ಎ. ಯಾವ ಪ್ರೋಟೀನ್ ಕಟ್ಟಬೇಕು ಎಂಬುದು ಅದರಲ್ಲಿ ಮೂರು ಮೂರು ಅಕ್ಷರದ ಪದಗಳಲ್ಲಿ ಬರೆದಿರುತ್ತದೆ. ಓದುವಷ್ಟು ಸಲ ಓದುತ್ತಾರೆ, ಆಮೇಲೆ ಚೂರು ಚೂರು.

ಗುಂಡುಪಿನ್ನು: "ಯಾಕೆ ಚೂರು ಮಾಡ್ಬೇಕು? ಇಟ್ಕೋಬಾರದಾ?"

"ಇಟ್ಕೊಂಡ್ರೆ ಜೀವಕೋಶ ಹಳೇದನ್ನೇ ಕಟ್ತಾ ಕೂತಿರತ್ತೆ. ಹೊಸದಕ್ಕೆ ಜಾಗ ಇರಲ್ಲ."

ಸನ್ನೆ: ಎಡಗೈ ಮುಷ್ಟಿ, ಅದರೊಳಗಿಂದ ಬಲಗೈ ಒಂದು ದಾರ ಎಳೆದ ಹಾಗೆ ಹೊರಗೆ. ಇವತ್ತು ಬೋರ್ಡಿನ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ. ಬರೆಯುವುದು, ತಿರುಗುವುದು, ಆಡುವುದು. ಕುತ್ತಿಗೆ ನೋವು.

ಜೂನ್ ೨೦

ರೈಬೋಸೋಮು. ದೊಡ್ಡ ತುಂಡು, ಚಿಕ್ಕ ತುಂಡು. ಮೆಸೆಂಜರ್ ಸಿಕ್ಕಾಗ ಒಂದಾಗುತ್ತವೆ, ಓದಿ ಮುಗಿದರೆ ಬೇರೆಯಾಗುತ್ತವೆ. ಎರಡರ ಒಡಲಲ್ಲೂ ರೈಬೋಸೋಮಲ್ ಆರ್‌ಎನ್‌ಎ. ಅವಳಿ ಹುಡುಗಿಯರಿಬ್ಬರು ತಕ್ಷಣ ಒಬ್ಬಳ ಬೊಗಸೆಯ ಮೇಲೆ ಇನ್ನೊಬ್ಬಳ ಬೊಗಸೆ ಬೋರಲು ಹಾಕಿದರು. ಸನ್ನೆ ಸಿದ್ಧ.

ಬಹಳ ಕಾಲ ಎಲ್ಲರೂ ಇದು ಬರೀ ಹಂದರ, ಕೂರುವ ಕುರ್ಚಿ ಎಂದುಕೊಂಡಿದ್ದರು ಎಂದೆ. ಆಮೇಲೆ ತಿಳಿಯಿತು, ಒಂದು ಅಮೈನೋ ಆಮ್ಲವನ್ನು ಮುಂದಿನದಕ್ಕೆ ಬೆಸೆಯುವುದೇ ಈ ಆರ್‌ಎನ್‌ಎ ಎಂದು. ಜಾಗ ಕೊಟ್ಟದ್ದೂ ಅದೇ, ಜೋಡಿಸಿದ್ದೂ ಅದೇ.

ದುಭಾಷಿ ಅದನ್ನು ಹೇಗೆ ಹೇಳಿದರೋ... ಎರಡು ತೋರುಬೆರಳು ದೂರದಿಂದ ಬಂದು ಒಂದಕ್ಕೊಂದು ಕೊಂಡಿಯಾದವು. ಓರೆಗಣ್ಣಲ್ಲಿ ಕಂಡದ್ದು ಅಷ್ಟೇ. ಮುಂದಿನ ವಾಕ್ಯ ಮರೆತುಹೋಯಿತು. ಮಕ್ಕಳು ಕಾಯುತ್ತಾ ಕೂತರು.

ಜೂನ್ ೨೫, ಮಂಗಳವಾರ

ಟ್ರಾನ್ಸ್‌ಫರ್ ಆರ್‌ಎನ್‌ಎ. ಕೆಳಗಿನ ತುದಿಯಲ್ಲಿ ಮೂರು ಅಕ್ಷರ, ಮೆಸೆಂಜರಿನ ಮೂರಕ್ಕೆ ಜೋಡಿಯಾಗುವಂಥವು. ಮೇಲಿನ ತುದಿಯಲ್ಲಿ ಆ ಪದಕ್ಕೆ ತಕ್ಕ ಒಂದು ಅಮೈನೋ ಆಮ್ಲ. ಒಂದು ಕಡೆ ಆರ್‌ಎನ್‌ಎಯ ಭಾಷೆ, ಇನ್ನೊಂದು ಕಡೆ ಪ್ರೋಟೀನಿನ ಭಾಷೆ. ಎರಡೂ ಬಲ್ಲದ್ದು ಇದೊಂದೇ. ಬರುತ್ತದೆ, ಹೊರೆ ಇಳಿಸುತ್ತದೆ, ಖಾಲಿಯಾಗಿ ಹೋಗುತ್ತದೆ. ಹೊರಗೆ ಮತ್ತೆ ಅದೇ ಅಮೈನೋ ಆಮ್ಲ ಹೊತ್ತು ಮತ್ತೆ ಬರುತ್ತದೆ. ಕಟ್ಟುತ್ತಿರುವ ಸರಪಣಿ ಅದರದ್ದಲ್ಲ.

ಮೂರು ಬೆರಳು ಕೆಳಗೆ, ಹೆಬ್ಬೆರಳು ಮೇಲೆ. ಏಣಿ ಎಂದು ನಾನು ಹೆಸರಿಟ್ಟವನು ಮಾಡಿದ ಸನ್ನೆ — ಹಿಂದಿನ ಬೆಂಚಿನ ಉದ್ದನೆಯ ಹುಡುಗ, ಅವತ್ತು ಟಾಯ್ಲೆಟ್ಟಿಗೆ ಓಡಿದವನು. ಗುಂಡುಪಿನ್ನು ಅದೇ ಸನ್ನೆ ಮಾಡಿ ದುಭಾಷಿಯತ್ತ ಬೊಟ್ಟು ತೋರಿಸಿದಳು. ತರಗತಿಯೆಲ್ಲ ನಕ್ಕಿತು.

ನಿಯಮ ಪ್ರಕಾರ ಅವರು ಅದನ್ನೂ ಬಾಯಲ್ಲಿ ಹೇಳಬೇಕಲ್ಲ. ಹೇಳಿದರು: "ಟ್ರಾನ್ಸ್‌ಫರ್ ಅಂದ್ರೆ ಇವರೇ."

ಇಂದಿನಿಂದ ಅವರ ಹೆಸರು ಅದೇ.

ಜೂನ್ ೨೬. ಮಧ್ಯಾಹ್ನ, ಸ್ಟಾಫ್ ರೂಮು

ನೆಲ ಬಿರಿಯಬಾರದೇ ಅನಿಸಿತು.

ಪಾಠದ ನಡುವೆ ಮಕ್ಕಳು ಚಿತ್ರ ಬರೆಯುತ್ತಿದ್ದರು. ದುಭಾಷಿಯ ಮುಖ ಬಾಡಿದ ಹಾಗೆ ಕಂಡಿತು. ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ — "ಊಟ ಆಯ್ತಾ ನಿಮ್ದು?"

ಅವರ ಕೈ ಎದ್ದಿತು. ಇಡೀ ತರಗತಿಗೆ ಹೇಳಿದರು. ಎಂಟೂ ಮಂದಿ ಪೆನ್ಸಿಲ್ ಇಟ್ಟು ಉತ್ತರ ಕೊಟ್ಟರು. ಅವರು ಒಂದೊಂದಾಗಿ ಒಪ್ಪಿಸಿದರು — "ಆಯ್ತು ಮೇಡಂ." "ನಂದೂ ಆಯ್ತು." "ನಾನು ಇವತ್ತು ಬ್ರೆಡ್ ತಿಂದೆ." "ನಂದು ಆಗಿಲ್ಲ, ಬೇಗ ಬಿಡಿ."

ಆಮೇಲೆ ಕಾರಿಡಾರಿನಲ್ಲಿ ಹೇಳಿದರು. "ತಪ್ಪು ತಿಳ್ಕೋಬೇಡಿ. ಆ ಕೋಣೇಲಿ ಯಾರು ಏನಂದ್ರೂ ನಾನು ದಾಟಿಸ್ಲೇಬೇಕು. ಕಿವಿ ಕೇಳೋ ಇಬ್ಬರು ಅವರ ಮುಂದೆ ಗುಟ್ಟು ಮಾತಾಡಿದ್ರೆ ಅವರಿಗೆ ಅನ್ಯಾಯ. ಕೈ ತಾನಾಗೇ ಏಳತ್ತೆ, ಅಭ್ಯಾಸ."

ಸರಿ ಎಂದೆ. ಅವರ ಊಟ ಆಗಿತ್ತೋ ಇಲ್ಲವೋ, ಅದು ಮಾತ್ರ ತಿಳಿಯಲಿಲ್ಲ.

ಜುಲೈ ೬, ಶನಿವಾರ. ಸಂಜೆ

ದುಭಾಷಿ ಮನೆಗೆ ಬಂದಿದ್ದರು. ಮಾಡೆಲ್ ಮಾಡಲು ಮಣಿ, ತಂತಿ, ರಟ್ಟು ತುಂಬಿದ ಪೆಟ್ಟಿಗೆ ಹೊರಲು ನನ್ನಿಂದ ಆಗುತ್ತಿರಲಿಲ್ಲ. ಆಗುತ್ತಿತ್ತು. ಆಗದು ಎಂದೆ.

ಅಮ್ಮ ಅವರನ್ನು ಬಿಡಲೇ ಇಲ್ಲ. ಅವರು ಅವಳ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡುತ್ತಾರೆ. ಅಮ್ಮನಿಗೆ ಎಲ್ಲವೂ ತಿಳಿಯಿತು. "ನೋಡು, ಇವರು ಹೇಗೆ ಬಿಡಿಸಿ ಮಾತಾಡ್ತಾರೆ. ನಿನ್ ಥರ ಬಾಯೊಳಗೇ ನುಂಗಲ್ಲ" ಎಂದು ನನಗೇ ಮಂಗಳಾರತಿ.

ಚಹಾ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಇವರೊಬ್ಬರೇ ಬಾಯಿ. ಬ್ಯಾಂಕು, ಅಂಗಡಿ, ಮನೆ ಮಾಲೀಕ... ಎಲ್ಲ ಕಡೆ ಚಿಕ್ಕ ಹುಡುಗನಾಗಿ ಇವರೇ ಹೋಗಿ ದೊಡ್ಡವರ ಮಾತು ಆಡಬೇಕು.

"ಅಮ್ಮನಿಗೆ ಕಾಯಿಲೆ ಆದಾಗ ಡಾಕ್ಟರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ಅದನ್ನ ಅಪ್ಪನಿಗೆ ನಾನೇ ಹೇಳ್ಬೇಕಾಯ್ತು. ಡಾಕ್ಟರು ಹೇಳಿದ್ದು ಹೇಳಿದ ಹಾಗೇ. ಅಳೋ ಹಾಗಿರ್ಲಿಲ್ಲ, ಅತ್ರೆ ಕೈ ನಡುಗಿ ಮಾತು ಕೆಡತ್ತೆ."

ಅಮ್ಮ ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಮತ್ತೆ ನಿಮ್ಮ ಮಾತು? ನಿಮ್ಮದೇ?" ಎಂದೆ.

ನಕ್ಕರು. "ನಂದೇನಿದೆ ಮೇಡಂ."

ಪೆಟ್ಟಿಗೆ ಇಟ್ಟು ಹೋದರು. ಲೋಟ ಇನ್ನೂ ತೊಳೆದಿಲ್ಲ. ಯಾಕೆಂದು ಅಮ್ಮ ಕೇಳಿದಳು, ನೀರು ಬಂದಿಲ್ಲ ಎಂದೆ. ನಲ್ಲಿ ಧೋ ಎಂದು ಸುರಿಯುತ್ತಿತ್ತು.

ಹೌದು. ಬೇಕು ನನಗೆ ಈ ಮನುಷ್ಯ. ಇಲ್ಲಿ ಬರೆದರೆ ಯಾರೂ ದಾಟಿಸುವುದಿಲ್ಲ, ಅದಕ್ಕೇ ಬರೆಯುತ್ತೇನೆ. ನಲವತ್ತೆರಡರಲ್ಲಿ ಇದೇನು ಹುಡುಗಾಟ ಎಂದು ನಾಳೆ ನಾನೇ ಬೈದುಕೊಳ್ಳುತ್ತೇನೆ.

ಜುಲೈ ೧೨, ಶುಕ್ರವಾರ

ಇವತ್ತು ನಿಲುಗಡೆಯ ಪದ. ಮೆಸೆಂಜರಿನ ಕೊನೆಯಲ್ಲಿ ಮೂರು ಅಕ್ಷರದ ಪದವೊಂದು ಬರುತ್ತದೆ. ಅದಕ್ಕೆ ಜೋಡಿಯಾಗುವ ಟ್ರಾನ್ಸ್‌ಫರ್ ಆರ್‌ಎನ್‌ಎ ಇರುವುದೇ ಇಲ್ಲ.

ಗುಂಡುಪಿನ್ನು: "ಹಾಗಾದ್ರೆ ಕುರ್ಚಿ ಖಾಲಿ?"

"ಖಾಲಿ. ಆಮೇಲೆ ಒಂದು ಬೇರೆ ಪ್ರೋಟೀನ್ ಬಂದು ಕೂರತ್ತೆ. ಅದು ಏನೂ ಹೊತ್ತು ತಂದಿರಲ್ಲ. ಕಟ್ಟಿದ್ದನ್ನ ಬಿಡಿಸಿ ಕಳಿಸೋದಷ್ಟೇ ಅದರ ಕೆಲಸ."

ಪಾಠ ಮುಗಿಯಿತು. ಅವರು ಬ್ಯಾಗ್ ಏರಿಸಿಕೊಳ್ಳುತ್ತಾ ಹೇಳಿದರು, ದಿನಾ ಬೆಳಿಗ್ಗೆ ಬಸ್ಸು ಲೇಟು ಎನ್ನುವ ಹಾಗೆ — "ಮೇಡಂ, ಬೇರೆ ಊರಿನ ಕೋರ್ಟಿನಲ್ಲಿ ಕಾಯಂ ಪೋಸ್ಟ್ ಸಿಕ್ತು. ಇಲ್ಲಿ ಆಗಸ್ಟ್ ಎರಡಕ್ಕೆ ಮುಗಿಸ್ತೀನಿ."

"ಒಳ್ಳೇದಾಯ್ತು" ಎಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಅವರು ಇನ್ನೂ ಏನೋ ಹೇಳುವವರಂತೆ ನಿಂತರು. "ಮಕ್ಕಳು ಒಗ್ಗಿಕೊಂಡಿದಾರೆ... ಬೇಜಾರು ಇರತ್ತೆ..." ಯಾರಿಗೆ ಬೇಜಾರು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೋದರು.

ಜುಲೈ ೧೬

ಗುಂಡುಪಿನ್ನುವನ್ನು ಗುರು ಮಾಡಿಕೊಂಡಿದ್ದೇನೆ. ಊಟದ ಬಿಡುವಿನಲ್ಲಿ ಖಾಲಿ ಲ್ಯಾಬಿನಲ್ಲಿ ಸನ್ನೆ ಪಾಠ. ಕೊನೆಯ ತರಗತಿ ನಾನೇ ಸನ್ನೆಯಲ್ಲಿ ಮಾಡುತ್ತೇನೆ, ಅವರಿಗೆ ಹೇಳಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಓದಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

ನನ್ನ ಬೆರಳು ಕಟ್ಟಿಗೆ. 'ಧನ್ಯವಾದ' ಮಾಡಲು ಹೋಗಿ 'ಸೋಪು' ಎಂದೆನಂತೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸದ್ದಿಲ್ಲದ ನಗು ಅಲ್ಲ, ಜೋರು ನಗು. ಲ್ಯಾಬಿನ ಅಟೆಂಡರು ಇಣುಕಿ ನೋಡಿ ಹೋದ.

ಜುಲೈ ೨೪

'ಹೋಗು' ಬಂತು. 'ಬೇಡ' ಬಂತು. ಎರಡೂ ಸೇರಿಸಿ ಇವತ್ತು ಕನ್ನಡಿಯ ಮುಂದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನೇ ಅದು, ಸೊಳ್ಳೆ ಓಡಿಸ್ತಿದೀಯಾ?"

"ಪಾಠ. ಕಾಲೇಜಿಂದು. ಅವರಿಗೆ ಅಂತ ಅಲ್ಲ."

"ನಾನು ಯಾರ ಹೆಸರೂ ಎತ್ತಲಿಲ್ಲಪ್ಪ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ.

ಜುಲೈ ೩೧

ಏನೂ ಬರೆಯಲು ಆಗುತ್ತಿಲ್ಲ.

ಆಗಸ್ಟ್ ೨, ಶುಕ್ರವಾರ. ಸಂಜೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪ್ರಿನ್ಸಿಪಾಲರು ತರಗತಿ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಸನ್ನೆ ತಿಳಿಯದು. "ಇವತ್ತು ನಾನೇ ಸನ್ನೆಯಲ್ಲಿ ಹೇಳ್ತೀನಿ ಸರ್, ನೀವು ಪ್ರಿನ್ಸಿಪಾಲರ ಪಕ್ಕ ಕೂತು ಅವರಿಗೆ ಹೇಳಿ" ಎಂದೆ. ದುಭಾಷಿ ಬೆರಗಾಗಿ ಹಿಂದೆ ಹೋದರು.

ಎರಡು ತಿಂಗಳಲ್ಲಿ ಮೊದಲ ಸಲ ತರಗತಿಯಲ್ಲಿ ಅವರು ನನ್ನ ಎದುರಿಗೆ. ಮಕ್ಕಳ ತಲೆಯ ಮೇಲಿಂದ ನೆಟ್ಟಗೆ ನೋಡಬಹುದು. ನೋಡಿದೆ.

ಮಕ್ಕಳು ಪಾಠವನ್ನು ಆಡಿ ತೋರಿಸಿದರು. ಏಣಿ ತನ್ನ ಉದ್ದನೆಯ ತೋಳು ಚಾಚಿ ಮೆಸೆಂಜರ್ ಆದ. ಅವಳಿಗಳು ರೈಬೋಸೋಮಾಗಿ ಆ ತೋಳನ್ನು ಮೇಲೂ ಕೆಳಗೂ ಹಿಡಿದರು. ಉಳಿದವರು ಮೂರು ಬೆರಳು ಕೆಳಗೆ, ಹೆಬ್ಬೆರಳಲ್ಲಿ ಒಂದೊಂದು ಮಣಿ ಹೊತ್ತು ಬಂದರು. ಗುಂಡುಪಿನ್ನು ಮೊದಲು ಬಂದಳು, ಶುರುವಿನ ಪದ ತನ್ನದೇ ಎಂದು ಹಠ ಮಾಡಿದ್ದಳು. ಮಣಿಗಳು ತಂತಿಗೆ ಏರಿದವು. ನಾನು ಸನ್ನೆಯಲ್ಲಿ ಹೇಳುತ್ತಾ ಹೋದೆ, ಹಿಂದಿನಿಂದ ಅವರ ದನಿ ನನ್ನ ಮಾತಾಗಿ ಬರುತ್ತಾ ಹೋಯಿತು. ಒಂದೂ ತಪ್ಪಲಿಲ್ಲ. 'ಧನ್ಯವಾದ' ಕೂಡ ಸೋಪಾಗಲಿಲ್ಲ.

ಕೊನೆಗೆ ಕೈ ಎತ್ತಿದೆ. ಅವರತ್ತ ಬೊಟ್ಟು ಮಾಡಿದೆ. ಅವರ ಹೆಸರು: ಮೂರು ಬೆರಳು ಕೆಳಗೆ, ಹೆಬ್ಬೆರಳು ಮೇಲೆ. ಆಮೇಲೆ ಕಲಿತದ್ದಷ್ಟನ್ನೂ ಹೇಳಿದೆ.

ಅವರ ಕೈ ತಾನಾಗೇ ಏಳುತ್ತದಂತಲ್ಲ. ಬಾಯಿಯೂ ಹಾಗೆಯೇ. ಕೈ ಆಡಿದ್ದನ್ನು ಆಡಿದ ಹಾಗೆ, 'ನಾನು' ಎಂದರೆ 'ನಾನು' ಎಂದೇ, ಪ್ರಿನ್ಸಿಪಾಲರ ಕಿವಿಗೆ ನೇರವಾಗಿ, ಸ್ಪಷ್ಟವಾಗಿ —

"ನೀವು ಹೋಗ್ಬೇಡಿ. ನಂಗೆ ನೀವು ಬೇಕು. ನೀವು ಪಕ್ಕದಲ್ಲಿ ನಿಂತಿದ್ರೆ ನಂಗೆ..."

ಅಲ್ಲಿಗೆ ದನಿ ನಿಂತಿತು.

ಪ್ರಿನ್ಸಿಪಾಲರು ಗಾಬರಿಯಾಗಿ ಅವರತ್ತ ತಿರುಗಿದರು. "ನಾನೆಲ್ಲಿ ಹೋಗ್ತೀನ್ರೀ, ಇನ್ನೂ ಎರಡು ವರ್ಷ ಸರ್ವಿಸ್ ಇದೆ."

ನಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಕೇಳಬೇಕು ಎಂದು ಹಂಬಲಿಸಿದ ಮಾತು, ಕೇಳಬೇಕೆಂದಿದ್ದ ದನಿಯಲ್ಲೇ ಕೇಳಿತು. ಆದರೆ ಅದು ನನ್ನದೇ ಮಾತು. ಅವರು ದಾಟಿಸಿದ್ದಷ್ಟೇ. ಮಕ್ಕಳೆಲ್ಲ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದರು, ಅದು ಅವರ ಚಪ್ಪಾಳೆ.

ಆಮೇಲೆ ಕಾರಿಡಾರಿನಲ್ಲಿ:

"ಅದು ನಿಮ್ಮ ಮಾತು, ಮೇಡಂ. ನಾನು ಬರೀ ಬಾಯಿ."

"ಗೊತ್ತು."

"ನಂದು ಏನು ಅಂತ... ಯೋಚಿಸ್ಬೇಕು. ನಂಗೆ ಅದು ರೂಢಿ ಇಲ್ಲ. ಸ್ವಲ್ಪ ಟೈಮ್ ಕೊಡಿ."

ಕೊಟ್ಟೆ. ಇನ್ನೇನು ಕೊಡಲಿ? ಸಂಜೆಯ ಬಸ್ಸಿಗೆ ಹೋದರು.

ಆಗಸ್ಟ್ ೫

ಪಕ್ಕದಲ್ಲಿ ಯಾರೂ ಇಲ್ಲ. ಕಾಯಂ ಜನ ಇನ್ನೂ ಬಂದಿಲ್ಲ. ನಾನೇ ಅರ್ಧ ಸನ್ನೆ, ಅರ್ಧ ಬೋರ್ಡು. ಗುಂಡುಪಿನ್ನು ತಿದ್ದುತ್ತಾಳೆ. ಈಗ ಯಾರನ್ನೂ ನೋಡಬಾರದು ಎಂಬ ನಿಯಮವಿಲ್ಲ. ಆದರೂ ಕಣ್ಣು ಪಕ್ಕಕ್ಕೇ ಹೋಗುತ್ತದೆ.

ಆಗಸ್ಟ್ ೧೪

ಫೋನಿಲ್ಲ. ಮೆಸೇಜಿಲ್ಲ. ನಾನಾಗಿ ಮಾಡುವುದಿಲ್ಲ. ಟೈಮ್ ಕೊಟ್ಟೆ ಎಂದ ಮೇಲೆ ಕೊಟ್ಟೆ.

ಲ್ಯಾಬಿನಲ್ಲಿ ಗುಂಡುಪಿನ್ನು ನನ್ನ ಮುಖ ನೋಡಿ ಸನ್ನೆ ಮಾಡಿದಳು. ನಿಧಾನವಾಗಿ, ನನಗೆ ತಿಳಿಯುವ ಹಾಗೆ. ಟ್ರಾನ್ಸ್‌ಫರ್. ಖಾಲಿ. ಹೋಗತ್ತೆ. ಹೊತ್ಕೊಂಡು ಮತ್ತೆ ಬರತ್ತೆ. ನೀವೇ ಹೇಳಿದ್ದು.

ನಿಲುಗಡೆಯ ಪದವನ್ನೂ ನಾನೇ ಹೇಳಿಕೊಟ್ಟಿದ್ದು. ಅದನ್ನು ಅವಳು ಎತ್ತಲಿಲ್ಲ. ಒಳ್ಳೆಯ ಹುಡುಗಿ. ಹೋಗುವಾಗ ನನ್ನನ್ನು ಕರೆದಳು, ಹೊಸ ಹೆಸರಿನಿಂದ. ಅಂಗೈಯ ಬೆನ್ನು ತೋರಿಸಿ, ಪೂರ್ತಿ ತಿರುಗಿಸಿ, ಮುಂದೆ ಮಾಡುವುದು. ತಿರುಗಿದವಳು. ಯಾವಾಗ ಬದಲಾಯಿಸಿದರೋ ಗೊತ್ತಿಲ್ಲ. ಕಣ್ಣು ತುಂಬಿತು, ಸ್ಪಿರಿಟ್ ವಾಸನೆಗೆ ಎಂದೆ.

ಆಗಸ್ಟ್ ೨೪, ಶನಿವಾರ. ಮಧ್ಯಾಹ್ನ

ಬಟ್ಟೆ ಬದಲಿಸಿ ಬರುತ್ತೇನೆ ಎಂದು ಮೇಲಿನ ಕೋಣೆಯಲ್ಲೇ ಉಳಿದೆ. ಬದಲಿಸದೆ ಬರೆಯುತ್ತಿದ್ದೇನೆ.

ಈಗಷ್ಟೇ ಇಲ್ಲೇ ಕಿಟಕಿಯ ಬಳಿ ಅಮ್ಮನೂ ನಾನೂ ಬಟಾಣಿ ಬಿಡಿಸುತ್ತಿದ್ದೆವು. ಕೆಳಗೆ ಗೇಟಿನ ಸದ್ದು. ನೋಡಿದರೆ ಅವರು. ಭುಜದಲ್ಲಿ ಬ್ಯಾಗು. ಬೆಲ್ ಒತ್ತಲಿಲ್ಲ, ಕೂಗಲಿಲ್ಲ. ತಲೆ ಎತ್ತಿ ನನ್ನನ್ನು ಕಂಡು ಬ್ಯಾಗು ಕೆಳಗಿಟ್ಟರು. ಎರಡೂ ಕೈ ಎತ್ತಿದರು.

ಬಾಯಲ್ಲಿ ಎಲ್ಲರ ಮಾತೂ ಆಡಿದವರು. ತಮ್ಮದಕ್ಕೆ ಕೈಯೇ ಬೇಕಾಯಿತೇನೋ, ಅಪ್ಪ ಅಮ್ಮನ ಜೊತೆ ಆಡಿದ ಭಾಷೆ. ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು. ಆ ಕೈ ನಡುಗುತ್ತಿದ್ದವು.

ಅಮ್ಮ ನನ್ನ ತೋಳು ಜಗ್ಗಿದಳು. "ಏನಂತೆ? ಏನಂತಾರೆ ಅವರು?"

ದಾಟಿಸಲೇಬೇಕಲ್ಲ. ನಿಯಮದ ಪ್ರಕಾರ ಹೇಳಿದೆ, 'ಅವರು ಹೀಗಂತಾರೆ' ಎನ್ನದೆ. "ಆ ಕೆಲಸ ಬಿಡೋಕಾಗಲ್ಲ. ಆದ್ರೆ ಪ್ರತಿ ಶನಿವಾರ ಬರ್ತೀನಿ. ಇದು ಬೇರೆ ಯಾರ ಮಾತೂ ಅಲ್ಲ, ನಂದೇ. ನಂಗೂ ನೀವು ಬೇಕು."

ಅಮ್ಮ ಬಟಾಣಿ ತಟ್ಟೆ ಕೆಳಗಿಟ್ಟಳು. ಜೀವಮಾನದಲ್ಲಿ ಒಪ್ಪಿಕೊಳ್ಳದ್ದನ್ನು ಇವತ್ತು ಒಪ್ಪಿಕೊಂಡಳು. "ಕೇಳಿಸ್ಲಿಲ್ಲ ಕಣೆ. ಇನ್ನೊಂದ್ಸಲ ಹೇಳು, ಜೋರಾಗಿ."

ಹೇಳಿದೆ. ಜೋರಾಗಿ. ಗೇಟಿನವರೆಗೂ ಕೇಳುವಷ್ಟು.

ಅಮ್ಮ ಕೆಳಗೆ ಹೋಗಿ ಅವರನ್ನು ಒಳಗೆ ಕರೆದು ಕೂರಿಸಿದ್ದಾಳೆ. ಅಡುಗೆಮನೆಯಲ್ಲಿ ಎರಡು ಕುರ್ಚಿ ಅಕ್ಕಪಕ್ಕ ಎಳೆದ ಸದ್ದು ಕೇಳಿತು. ಜಾಗ ಕೊಡುವುದಷ್ಟೇ ಅವಳ ಕೆಲಸ ಎಂದುಕೊಂಡಿದ್ದೆ. ಜೋಡಿಸುವುದೂ ಅವಳದೇ.

ಇನ್ನೂ ಬರೆಯುವುದಿತ್ತು. ಈಗ ಮೆಟ್ಟಿಲ ಹತ್ತಿರ ನಿಂತು ಅವರು ಕೂಗುತ್ತಿದ್ದಾರೆ. ಮೇಡಂ ಎಂದಲ್ಲ —